ಕೋನಾದ ಮಾಂಟಾ ರಾತ್ರಿಗಳು: ದೀಪ, ದೋಣಿ ಮತ್ತು ಡೈವರ್ ಕುರಿತ ಒಂದು ಪ್ರಕರಣ ಅಧ್ಯಯನ

ಹವಾಯಿಯ ದೊಡ್ಡ ದ್ವೀಪದ ಪಶ್ಚಿಮ ದಂಡೆಗೆ ಕೋನಾ ಎಂದು ಹೆಸರು. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿನ ಡೈವ್ ದೋಣಿಗಳು ಮುಖ್ಯವಾಗಿ ಎರಡು ಜಾಗಗಳತ್ತ ಹೊರಡುತ್ತವೆ. ಒಂದು ದಕ್ಷಿಣದ ಕೆಯೌಹೋ ಕೊಲ್ಲಿಯ ಬಳಿ. ಇನ್ನೊಂದು ಉತ್ತರದಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರದ ಮಕಾಕೋ ಕೊಲ್ಲಿ; ಡೈವರ್‌ಗಳು ಅದನ್ನು ಗಾರ್ಡನ್ ಈಲ್ ಕೋವ್ ಎಂದು ಕರೆಯುತ್ತಾರೆ. ಎರಡೂ ಕಡೆ ಜನ ಬರುವುದು ಮಾಂಟಾ ರೇಗಳನ್ನು ನೋಡಲು. ತೊರಕೆ ಮೀನಿನ ಕುಲಕ್ಕೇ ಸೇರಿದರೂ ಮಾಂಟಾಕ್ಕೆ ಚುಚ್ಚುವ ಮುಳ್ಳಿಲ್ಲ. ಇಲ್ಲಿಗೆ ಬರುವ ರೀಫ್ ಮಾಂಟಾದ ರೆಕ್ಕೆಗಳ ಹರಹು ಸಾಮಾನ್ಯವಾಗಿ ಮೂರು ನಾಲ್ಕು ಮೀಟರ್.

ಪರಿಸರಕ್ಕೆ ಹೊರೆಯಾಗದ ರಾತ್ರಿ ಡೈವಿಂಗ್ ಎಂದ ಕೂಡಲೇ ‘ಮುಟ್ಟಬೇಡಿ, ತುಳಿಯಬೇಡಿ, ಏನನ್ನೂ ಎತ್ತಿಕೊಂಡು ಬರಬೇಡಿ’ ಎಂಬ ಮಾತು ಬರುತ್ತದೆ. ಆ ಮಾತು ಸರಿಯೇ. ಆದರೆ ಹಗಲಿನ ಡೈವ್‌ಗೂ ಅದೇ ಮಾತು ಸಲ್ಲುತ್ತದೆ. ರಾತ್ರಿ ಹೊಸದಾಗಿ ಸೇರಿಕೊಳ್ಳುವುದು ನಾವು ಕೈಯಲ್ಲಿ ಹಿಡಿದು ಇಳಿಯುವ ಬೆಳಕು. ಕತ್ತಲಿಗೆ ಒಗ್ಗಿಕೊಂಡ ಲೋಕದೊಳಗೆ ಡೈವರ್ ಮಾಡುವ ಅತಿ ದೊಡ್ಡ ಬದಲಾವಣೆ ಅದೇ. ಆ ಬೆಳಕೇ ಒಂದು ಇಡೀ ಡೈವ್ ತಾಣವನ್ನು ಹುಟ್ಟಿಸಿದ್ದು ಕೋನಾದಲ್ಲಿ. ಒಬ್ಬೊಬ್ಬ ಡೈವರ್‌ನ ಶಿಸ್ತಿನಿಂದ ಎಷ್ಟು ಸಾಧ್ಯ, ಆ ಶಿಸ್ತಿನ ಕೈಗೆ ಎಲ್ಲಿಂದಾಚೆಗಿನದು ಎಟುಕುವುದಿಲ್ಲ ಎಂಬ ಎರಡೂ ಅಲ್ಲಿ ಕಣ್ಣಿಗೆ ಕಾಣುತ್ತವೆ. ಅದಕ್ಕೇ ಈ ಪ್ರಕರಣ.

ದೀಪ ಹಚ್ಚಿದ್ದರಿಂದ ಆದದ್ದು

1970ರ ದಶಕದ ಆರಂಭದಲ್ಲಿ ಕೆಯೌಹೋದ ಬಂಡೆಗಳ ಮೇಲೆ ಕೋನಾ ಸರ್ಫ್ ಎಂಬ ಹೋಟೆಲು ತೆರೆಯಿತು. ಅತಿಥಿಗಳು ರಾತ್ರಿಯೂ ಅಲೆ ನೋಡಲಿ ಎಂದು ಕಡಲಿನತ್ತ ದೊಡ್ಡ ದೀಪಗಳನ್ನು ಹಾಕಿದರು. ಮಾಂಟಾಗಳನ್ನು ಕರೆಯಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ.

ನಡೆದದ್ದು ಇಷ್ಟು. ಪ್ರಾಣಿ ಪ್ಲವಕಗಳಲ್ಲಿ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳಲ್ಲಿ, ಬಹಳಷ್ಟು ಹಗಲೆಲ್ಲ ಆಳದಲ್ಲಿದ್ದು ಕತ್ತಲಾದ ಮೇಲೆ ಮೇಲಕ್ಕೆ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಬೆಳಕಿನ ಸೆಳೆತವೂ ಇದೆ. ಮಳೆಗಾಲದ ಬೀದಿದೀಪಕ್ಕೆ ಹುಳು ಮುತ್ತುವ ಹಾಗೆ ಅವು ಹೋಟೆಲಿನ ದೀಪದ ಕೆಳಗೆ ದಟ್ಟವಾಗಿ ನೆರೆದವು. ಪ್ಲವಕವೇ ಆಹಾರವಾಗಿರುವ ಮಾಂಟಾಗಳು ಹಿಂದೆಯೇ ಬಂದವು. ತಲೆಯ ಎರಡು ಕಡೆ ಸುರುಳಿ ಸುತ್ತಿಕೊಂಡಿರುವ ಈಜುರೆಕ್ಕೆಗಳನ್ನು ಬಿಚ್ಚಿ, ಅವುಗಳಿಂದ ನೀರನ್ನು ಬಾಯಿಯತ್ತ ತಿರುಗಿಸುತ್ತ, ಆಹಾರ ದಟ್ಟವಾಗಿದ್ದಲ್ಲಿ ಹಿಂದಕ್ಕೆ ಲಾಗ ಹಾಕುತ್ತ ಅವು ಅಲ್ಲಲ್ಲೇ ಸುತ್ತುತ್ತವೆ. ಲಾಗ ಹಾಕುವುದು ಆಟಕ್ಕಲ್ಲ. ಮುಂದೆ ಹೋದರೆ ದಟ್ಟ ಆಹಾರ ಕೈತಪ್ಪುತ್ತದೆ, ನಿಂತರೆ ಕಿವಿರಿಗೆ ನೀರು ಹರಿಯುವುದಿಲ್ಲ. ಮಾಂಟಾ ಉಸಿರಾಡಬೇಕಾದರೆ ಚಲಿಸುತ್ತಲೇ ಇರಬೇಕು. ಈ ಕೊನೆಯ ಸಂಗತಿ ಮುಂದೆ ಹಗ್ಗಗಳ ಮಾತು ಬರುವಾಗ ಬೇಕಾಗುತ್ತದೆ.

1990ರ ದಶಕದಲ್ಲಿ ಡೈವ್ ಕಂಪನಿಗಳು ಇದನ್ನು ನಿಯಮಿತ ಪ್ರವಾಸವಾಗಿ ಬೆಳೆಸಿದವು. 2000ದಲ್ಲಿ ಹೋಟೆಲು ಮುಚ್ಚಿ ದೀಪ ಆರಿದಾಗ ಅಲ್ಲಿಗೆ ಬರುವ ಮಾಂಟಾಗಳು ಕಡಿಮೆಯಾದವು. ದೋಣಿಗಳು ಗಾರ್ಡನ್ ಈಲ್ ಕೋವ್‌ನತ್ತ ಹೊರಳಿದವು. ಅಲ್ಲಿ ದಡದಲ್ಲಿ ಹೋಟೆಲಿಲ್ಲ, ಡೈವರ್‌ಗಳೇ ಬೆಳಕು ಹೊತ್ತು ಇಳಿದರು, ಮಾಂಟಾಗಳು ಬಂದವು. ಮುಂದೆ ಹೊಸ ಒಡೆತನದಲ್ಲಿ ಕೆಯೌಹೋದ ಹೋಟೆಲು ಮತ್ತೆ ತೆರೆದು ದೀಪವೂ ಮರಳಿತು.

ಹಾಗಾದರೆ ಇದು ಕಾಡುಪ್ರಾಣಿಗೆ ತಿನಿಸು ಹಾಕುವುದಕ್ಕೆ ಸಮವೇ? ನೀರಿಗೆ ಮೀನಿನ ತುಂಡು ಎಸೆದು ಶಾರ್ಕ್ ಕರೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಹೊರಗಿನಿಂದ ಆಹಾರ ಬರುವುದಿಲ್ಲ, ಕಡಲಿನಲ್ಲಿರುವುದನ್ನೇ ಒಂದೆಡೆ ಸೇರಿಸಲಾಗುತ್ತದೆ. ಮಾಂಟಾ ಮನುಷ್ಯನ ಕೈಯನ್ನು ನೋಡುವುದಿಲ್ಲ, ಬೆಳಕಿನೊಳಗಿನ ಪ್ಲವಕವನ್ನು ನೋಡುತ್ತದೆ. ದೀಪ ಹಚ್ಚಿದರೂ ಒಂದೂ ಬಾರದ ರಾತ್ರಿಗಳಿವೆ. ಅಂದರೆ ಅವು ಇದನ್ನೇ ನಂಬಿ ಕೂತಿಲ್ಲ. ಆದರೂ ಒಂದು ಪ್ರಾಣಿ ಎಲ್ಲಿ, ಯಾವ ಹೊತ್ತಿಗೆ ಉಣ್ಣಬೇಕೆಂಬುದನ್ನು ನಾವು ತಿರುಗಿಸಿದ್ದೇವೆ, ಅಲ್ಲಿಗೇ ದೋಣಿಗಳನ್ನೂ ತಂದು ನಿಲ್ಲಿಸಿದ್ದೇವೆ. ಕರೆದವರ ಮೇಲೆ ಹೊಣೆ ಇದೆ ಎಂಬುದು ನನ್ನ ನಿಲುವು. ಮುಂದಿನ ವಿವರಗಳನ್ನು ಆ ನಿಲುವಿನಿಂದಲೇ ನೋಡಿದ್ದೇನೆ.

ಯಾರು ಬರುತ್ತಾರೆ

ಪ್ರತಿ ಮಾಂಟಾದ ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳ ವಿನ್ಯಾಸ ಬೇರೆ ಬೇರೆ. ಕೆಳಗಿನಿಂದ ಒಂದು ಒಳ್ಳೆಯ ಫೋಟೋ ಸಿಕ್ಕರೆ ಸಾಕು, ಗುರುತು ಹಿಡಿಯಬಹುದು. ಕೋನಾದಲ್ಲಿ ಹೀಗೆ ಗುರುತಿಸಿ ಹೆಸರಿಟ್ಟ ಮಾಂಟಾಗಳು ಕೆಲವು ನೂರು. ಲೆಫ್ಟಿ ಎಂಬ ಹೆಣ್ಣು ಮಾಂಟಾವನ್ನು ಮೊದಲು ಗುರುತಿಸಿದ್ದು 1979ರಲ್ಲಿ. ತಲೆಯ ಎಡಬದಿಯ ಈಜುರೆಕ್ಕೆ ಘಾಸಿಗೊಂಡು ಬಿಚ್ಚಿಕೊಳ್ಳದೆ ಇದ್ದುದರಿಂದ ಆ ಹೆಸರು. ಒಂದೇ ಪ್ರಾಣಿಯನ್ನು ದಶಕಗಳ ಕಾಲ ಕಾಣುತ್ತ ಬರುವುದು ಸಾಧ್ಯವಾದದ್ದು ಈ ರಾತ್ರಿ ಡೈವ್‌ಗಳಲ್ಲಿ ತೆಗೆದ ಫೋಟೋಗಳಿಂದ. ಪ್ರವಾಸೋದ್ಯಮದ ಲೆಕ್ಕದಲ್ಲಿ ಇದನ್ನೂ ಸೇರಿಸಲೇಬೇಕು.

ಮಾಂಟಾಗಳ ಸಂಖ್ಯೆ ಬೆಳೆಯುವುದು ತೀರ ನಿಧಾನ. ಗರ್ಭ ಸುಮಾರು ಒಂದು ವರ್ಷ, ಸಾಮಾನ್ಯವಾಗಿ ಹುಟ್ಟುವುದು ಒಂದೇ ಮರಿ, ಎರಡು ಹೆರಿಗೆಗಳ ನಡುವೆ ವರ್ಷಗಳ ಅಂತರ. ಕೆಲವು ನೂರರ ಬಳಗದಲ್ಲಿ ಒಂದು ಹೆಣ್ಣು ಸತ್ತರೂ ಆ ನಷ್ಟ ಬಹುಕಾಲ ತುಂಬುವುದಿಲ್ಲ. ಹವಾಯಿ ರಾಜ್ಯ 2009ರಲ್ಲಿ ಮಾಂಟಾವನ್ನು ಕೊಲ್ಲುವುದನ್ನೂ ಹಿಡಿಯುವುದನ್ನೂ ಕಾನೂನಿನಿಂದ ನಿಷೇಧಿಸಿತು. ಅದು ಬಲೆಯಿಂದ ಕಾಪಾಡುತ್ತದೆ. ಜಂಗುಳಿಯಿಂದ ಕಾಪಾಡುವುದಕ್ಕೆ ಬೇರೆಯದೇ ವ್ಯವಸ್ಥೆ ಬೇಕು.

ನೀರಿನೊಳಗಿನ ಏರ್ಪಾಡು

ಡೈವ್ ಪ್ರವಾಸ ಸಾಮಾನ್ಯವಾಗಿ ಎರಡು ಟ್ಯಾಂಕಿನದು. ಮೊದಲ ಡೈವ್ ಇಳಿಹೊತ್ತಿನಲ್ಲಿ, ಬೆಳಕು ಇನ್ನೂ ಇರುವಾಗ. ಕಂಪನಿಗಳು ಇದನ್ನು ‘ಒಂದು ಟಿಕೆಟಿಗೆ ಎರಡು ಡೈವ್’ ಎಂದು ಮಾರುತ್ತವೆ. ಹವಳದ ದೃಷ್ಟಿಯಿಂದ ಅದರ ಬೆಲೆ ಅದಕ್ಕಿಂತ ಹೆಚ್ಚು. ಮುಳುಗಲೆಂದು ಕಟ್ಟಿಕೊಂಡ ಸೀಸದ ತೂಕ ಯಾರಿಗೆ ಸರಿಯಿಲ್ಲ, ಯಾರ ಗಾಳಿಯಳೆಯುವ ಗೇಜು ಕೆಳಗೆ ಜೋತಾಡುತ್ತಿದೆ, ಯಾರು ಕೈ ಬೀಸುತ್ತ ಈಜುತ್ತಾರೆ ಎಂಬುದೆಲ್ಲ ಗೈಡ್‌ಗೆ ಬೆಳಕಿರುವಾಗಲೇ ತಿಳಿಯುತ್ತದೆ. ಡೈವರ್‌ಗೂ ಮರಳು ಎಲ್ಲಿ, ಹವಳ ಎಲ್ಲಿ ಎಂಬ ನಕ್ಷೆ ತಲೆಯಲ್ಲಿ ಕೂರುತ್ತದೆ. ಎಲ್ಲೇ ರಾತ್ರಿ ಡೈವ್ ಮಾಡಿದರೂ ಅದೇ ಜಾಗವನ್ನು ಮೊದಲು ಬೆಳಕಿನಲ್ಲಿ ನೋಡಿ ಬರುವ ಈ ಪದ್ಧತಿಯನ್ನು ಬಿಡಬಾರದು.

ಕತ್ತಲಾದ ಮೇಲಿನ ಡೈವ್‌ನ ನಡುವೆ ಇರುವುದು ‘ಕ್ಯಾಂಪ್‌ಫೈರ್’. ಹತ್ತು ಹನ್ನೆರಡು ಮೀಟರ್ ಆಳದಲ್ಲಿ, ಮರಳು, ಕಲ್ಲುಚೂರುಗಳಿರುವ ಜಾಗದಲ್ಲಿ ಮೇಲ್ಮುಖವಾಗಿ ದೀಪಗಳನ್ನು ಇಡುತ್ತಾರೆ. ಡೈವರ್‌ಗಳು ಸುತ್ತಲೂ ಕೂರುತ್ತಾರೆ. ನೀರಿನ ಮೇಲೆ ಸ್ನಾರ್ಕೆಲ್ ಮಾಡುವವರು, ಅಂದರೆ ಉಸಿರುಕೊಳವೆ ಕಚ್ಚಿ ತೇಲುವವರು, ತೇಲುಹಲಗೆಯೊಂದನ್ನು ಹಿಡಿದು ಅಡ್ಡ ಮಲಗಿರುತ್ತಾರೆ. ಆ ಹಲಗೆಯ ದೀಪಗಳು ಕೆಳಮುಖ. ಮೇಲಿನ ಬೆಳಕಿಗೂ ಕೆಳಗಿನ ಬೆಳಕಿಗೂ ನಡುವೆ ಉಳಿಯುವ ನೀರು ಮಾಂಟಾಗಳಿಗೆ ಮೀಸಲು. ಡೈವರ್ ಏಳುವಂತಿಲ್ಲ, ಸ್ನಾರ್ಕೆಲ್‌ನವರು ಮುಳುಗುವಂತಿಲ್ಲ.

ಈ ಒಂದು ಏರ್ಪಾಡು ಕೋನಾದ ಅತಿ ಒಳ್ಳೆಯ ಕೊಡುಗೆ ಎಂದು ನನಗೆ ಅನಿಸುತ್ತದೆ. ಮನುಷ್ಯ ಸ್ಥಿರ, ಪ್ರಾಣಿ ಸ್ವತಂತ್ರ. ಬೆನ್ನಟ್ಟುವ ಮಾತೇ ಇಲ್ಲ. ಹತ್ತಿರ ಬರಬೇಕೋ ಬೇಡವೋ ಎಂಬುದನ್ನು ಮಾಂಟಾ ತೀರ್ಮಾನಿಸುತ್ತದೆ, ಮತ್ತು ಬಹಳ ಸಲ ಅದು ಮುಖದಿಂದ ಒಂದು ಗೇಣು ದೂರದಲ್ಲಿ, ಬಾಯಿ ತೆರೆದು, ಕಿವಿರಿನ ಒಳಗಿನ ಬಾಚಣಿಕೆಯಂಥ ಸಾಲು ಕಾಣುವಷ್ಟು ಹತ್ತಿರ ಹಾದುಹೋಗುತ್ತದೆ. ಆಗ ಕೈ ತಾನಾಗಿ ಮೇಲೇಳುತ್ತದೆ. ಏಳಬಾರದು. ಮಾಂಟಾದ ಚರ್ಮದ ಮೇಲೆ ಲೋಳೆಯ ತೆಳುವಾದ ಪದರವಿದೆ. ಸೋಂಕಿನಿಂದ ಅದನ್ನು ಕಾಯುವುದು ಆ ಪದರ. ಮುಟ್ಟಿದಲ್ಲಿ ಅದು ಒರೆಸಿಹೋಗುತ್ತದೆ. ಮಾಸ್ಕಿಗೆ ಸಿಕ್ಕಿಸಿದ ಸ್ನಾರ್ಕೆಲ್ ಕೂಡ ಹೊಟ್ಟೆಗೆ ತಗುಲಬಹುದೆಂದು ಡೈವರ್‌ಗಳಿಗೆ ಅದನ್ನು ದೋಣಿಯಲ್ಲೇ ಬಿಟ್ಟುಬರಲು ಹೇಳುತ್ತಾರೆ. ಉದ್ದ ಕೋಲಿನ ತುದಿಯ ಕ್ಯಾಮೆರಾಕ್ಕೂ ಅದೇ ಮಾತು. ಟಾರ್ಚನ್ನು ತಲೆಯ ಎತ್ತರಕ್ಕೆ ಹಿಡಿದು ನೇರ ಮೇಲಕ್ಕೆ ಬಿಡಬೇಕು, ಬರುತ್ತಿರುವ ಮಾಂಟಾದ ಕಣ್ಣಿಗಲ್ಲ. ಅದು ತಲೆಯ ಮೇಲೆ ಬಂದ ಕ್ಷಣದಲ್ಲೇ ದೊಡ್ಡ ಗುಳ್ಳೆಗಳ ಗುಂಪು ಮುಖಕ್ಕೆ ಹೊಡೆಯದಂತೆ ಉಸಿರನ್ನು ಸಣ್ಣಗೆ, ನಿಧಾನವಾಗಿ ಬಿಡಬೇಕು. ಉಸಿರು ಕಟ್ಟಿಕೊಳ್ಳುವುದು ಮಾತ್ರ ಎಂದೂ ಇಲ್ಲ. ಸ್ಕೂಬಾದ ಮೊದಲ ನಿಯಮ ಅದು.

ಸೀಸದ ತೂಕ ಎಂಬ ತೊಡಕು

ಇಲ್ಲಿ ಒಂದು ವಿರೋಧಾಭಾಸ ಇದೆ. ಹವಳಕ್ಕೆ ಹಾನಿ ಮಾಡದ ಡೈವರ್ ಎಂದರೆ ಬಾಯನ್ಸಿ, ಅಂದರೆ ನೀರಿನಲ್ಲಿ ಏಳದೆ ಮುಳುಗದೆ ನಿಲ್ಲುವ ಸಮತೋಲನ, ಹತೋಟಿಯಲ್ಲಿರುವವನು, ಬೇಕಾದ್ದಕ್ಕಿಂತ ಒಂದು ತುಂಡು ಸೀಸವನ್ನೂ ಹೆಚ್ಚು ಹೊರದವನು. ಕ್ಯಾಂಪ್‌ಫೈರ್ ಸುತ್ತ ಕೂರುವವರಿಗಾದರೆ ಹಲವು ಕಂಪನಿಗಳು ಬೇಕೆಂದೇ ಹೆಚ್ಚು ತೂಕ ಕೊಡುತ್ತವೆ. ಅಲೆಯ ಎಳೆತಕ್ಕೆ ತೂಗಾಡುವವರು ಪಕ್ಕದವರನ್ನು ಒದೆಯುತ್ತಾರೆ, ಮೇಲೆದ್ದು ಮಾಂಟಾಗೆ ತಗುಲುತ್ತಾರೆ, ಆಧಾರಕ್ಕೆಂದು ಸಿಕ್ಕಿದ್ದನ್ನು ಹಿಡಿಯುತ್ತಾರೆ. ಭಾರವಾಗಿ ಕೂತವರು ಕೂತಲ್ಲೇ ಇರುತ್ತಾರೆ.

ಕೂರುವ ಜಾಗ ಬರಿ ಮರಳು, ಕಲ್ಲುಚೂರಾಗಿದ್ದರೆ ಇದು ಒಪ್ಪತಕ್ಕ ರಾಜಿ. ಕಷ್ಟ ಬರುವುದು ಹೋಗುವ ಬರುವ ದಾರಿಯಲ್ಲಿ, ಅದರಲ್ಲೂ ಮರಳುವಾಗ. ಮುಕ್ಕಾಲು ಗಂಟೆ ಅಲುಗಾಡದೆ ಕೂತು ಮೈ ತಣ್ಣಗಾಗಿರುತ್ತದೆ, ಟ್ಯಾಂಕಿನ ಗಾಳಿ ಇಳಿದಿರುತ್ತದೆ, ಕಂಡದ್ದರ ಗುಂಗು ತಲೆಯಲ್ಲಿರುತ್ತದೆ, ಸೊಂಟದಲ್ಲಿ ಹೆಚ್ಚಿನ ಸೀಸ. ಗೈಡ್ ಹೊರಡುವ ಸನ್ನೆ ಮಾಡಿದ್ದೇ ತಡ, ಬಿಸಿಡಿಗೆ, ಅಂದರೆ ತೇಲುವಿಕೆ ಹೊಂದಿಸುವ ಜಾಕೆಟ್ಟಿಗೆ, ಗಾಳಿ ತುಂಬದೆ ಕಾಲಿನ ಫಿನ್ ಒದ್ದು ಏಳಲು ನೋಡುತ್ತಾರೆ. ತೂಕ ಕೆಳಗೆಳೆಯುತ್ತದೆ, ಇನ್ನೂ ಜೋರಾಗಿ ಒದೆಯುತ್ತಾರೆ, ಮರಳು ಏಳುತ್ತದೆ, ಮುಂದಿನ ಹವಳದ ಗುಡ್ಡೆಯ ಮೇಲೆ ಮೊಣಕಾಲು ಊರುತ್ತದೆ. ಆ ಗುಡ್ಡೆ ಪೊರೈಟಿಸ್ ಲೋಬಾಟ ಜಾತಿಯದಾಗಿದ್ದರೆ ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ರಾತ್ರಿ ಹೊತ್ತು ಅನೇಕ ಹವಳಗಳನ್ನು ಕಟ್ಟುವ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಆಹಾರಕ್ಕಾಗಿ ಗ್ರಹಣಾಂಗ ಚಾಚಿ ತೆರೆದುಕೊಂಡಿರುತ್ತವೆ, ಎದ್ದ ಮರಳು ಬೀಳುವುದು ಅವುಗಳ ಮೇಲೆ. 2015ರ ಬಿಸಿನೀರಿನ ಅಲೆಯಲ್ಲಿ ಈ ದಂಡೆಯ ಹವಳ ಭಾರಿ ಪ್ರಮಾಣದಲ್ಲಿ ಬಿಳಿಚಿ ಸತ್ತಿತು. ಉಳಿದದ್ದರ ಮೇಲೆ ಮೊಣಕಾಲೂರುವ ಹಕ್ಕು ಯಾರಿಗೂ ಇಲ್ಲ.

ಪರಿಹಾರ ಕಷ್ಟದ್ದಲ್ಲ, ಆದರೆ ಇಳಿಯುವ ಮುಂಚಿನ ಬ್ರೀಫಿಂಗ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ಸನ್ನೆ ಸಿಕ್ಕ ಮೇಲೆ ಮೊದಲು ಬಿಸಿಡಿಗೆ ಚೂರುಚೂರೇ ಗಾಳಿ. ಫಿನ್ ಅಲುಗಿಸದೆ ನೆಲ ಬಿಟ್ಟು ಒಂದು ಮೀಟರ್ ಏಳಬೇಕು. ಮೈ ಅಡ್ಡಲಾಗಿ ನಿಂತ ಮೇಲೆ ಕಪ್ಪೆಯ ಹಾಗೆ ಕಾಲು ಮಡಚಿ ಒದೆಯುವ ಫ್ರಾಗ್ ಕಿಕ್. ಎಲ್ಲರೂ ಒಟ್ಟಿಗೆ ಏಳದೆ ಇಬ್ಬಿಬ್ಬರಾಗಿ. ಮೊದಲ ಡೈವ್‌ನಲ್ಲಿ ತಡವರಿಸಿದವರ ಪಕ್ಕ ಗೈಡ್ ಇರಬೇಕು.

ಹಗ್ಗ, ಗಾಳ, ಒಂದು ಡಾಲ್ಫಿನ್

ಜನವರಿ 2013ರಲ್ಲಿ ಗಾರ್ಡನ್ ಈಲ್ ಕೋವ್‌ನ ಮಾಂಟಾ ಡೈವ್ ನಡೆಯುತ್ತಿದ್ದಾಗ ಒಂದು ಬಾಟಲ್‌ನೋಸ್ ಡಾಲ್ಫಿನ್ ಡೈವರ್‌ಗಳ ಹತ್ತಿರ ಬಂದು ಸುಳಿಯತೊಡಗಿತು. ಅದರ ಎದೆಯ ಈಜುರೆಕ್ಕೆಗೆ ಗಾಳದ ಕೊಕ್ಕೆ ಚುಚ್ಚಿಕೊಂಡಿತ್ತು, ಗಾಳದ ದಾರ ಸುತ್ತಿಕೊಂಡಿತ್ತು. ಗೈಡ್ ಕೆಲರ್ ಲಾರೋಸ್ ಸನ್ನೆ ಮಾಡಿ ಕರೆದರು. ಅದು ಮೈಯೊಡ್ಡಿ ನಿಂತಿತು, ನಡುವೆ ಉಸಿರಿಗೆಂದು ಮೇಲೆ ಹೋಗಿ ಮತ್ತೆ ಅವರ ಬಳಿಗೇ ಬಂದಿತು. ಅವರು ದಾರ ಕತ್ತರಿಸಿ ಕೊಕ್ಕೆ ಬಿಡಿಸಿದ ವಿಡಿಯೋವನ್ನು ಜಗತ್ತೆಲ್ಲ ನೋಡಿತು.

ಎಲ್ಲರೂ ಡಾಲ್ಫಿನ್‌ನ ಜಾಣತನವನ್ನು ಕೊಂಡಾಡಿದರು. ನನ್ನ ಗಮನ ಹೋಗುವುದು ಆ ದಾರದ ಮೇಲೆ. ನೈಲಾನ್ ಗಾಳದ ದಾರ ರಾತ್ರಿ ಕಣ್ಣಿಗೆ ಬೀಳುವುದೇ ಇಲ್ಲ, ನೀರಿನಲ್ಲಿ ಕೊಳೆಯುವುದಕ್ಕೆ ಬಹುಕಾಲ ಬೇಕು. ಡಾಲ್ಫಿನ್ ಹೇಗೋ ಬಂದು ಕೇಳಿಕೊಂಡಿತು. ಮಾಂಟಾ ಹಿಂದಕ್ಕೆ ಈಜಲಾರದು. ಹಗ್ಗವೋ ದಾರವೋ ತಲೆಗೆ ತಾಕಿದರೆ ಲಾಗ ಹಾಕುತ್ತದೆ, ಅದರಿಂದ ಸುತ್ತು ಇನ್ನೂ ಬಿಗಿಯಾಗುತ್ತದೆ. ಚಲಿಸದೆ ಉಸಿರಾಡಲಾಗದ ಪ್ರಾಣಿಗೆ ಅದು ಸಾವು. ಹಾಗಾಗಿ ಈ ಜಾಗದಲ್ಲಿ ದೋಣಿಯಿಂದ ಇಳಿಬಿಟ್ಟ ಪ್ರತಿ ಹಗ್ಗವೂ ಲೆಕ್ಕಕ್ಕೆ ಬರುತ್ತದೆ. ದೋಣಿ ಕಟ್ಟಿಹಾಕುವ ಮೂರಿಂಗ್ ಹಗ್ಗ ಸಡಿಲವಾಗಿ ಸುರುಳಿಬಿದ್ದು ತೇಲಬಾರದು. ತೇಲುಹಲಗೆಗೆ ಕಟ್ಟಿದ ಹಗ್ಗ ಕೆಳಗೆ ಜೋತಾಡಬಾರದು. ಕ್ಯಾಮೆರಾದ ಬಳ್ಳಿ ಚಿಕ್ಕದಾಗಿರಲಿ. ಪ್ರತಿ ಗೈಡ್ ಬಳಿ ದಾರ ಕತ್ತರಿಸುವ ಸಲಕರಣೆ ಇರಲಿ, ಹಗಲಿನ ಡೈವ್‌ನಲ್ಲಿ ಹವಳಕ್ಕೆ ಸಿಕ್ಕಿಕೊಂಡ ದಾರ ಕಂಡರೆ ಆಗಲೇ ತೆಗೆಯಲಿ.

ಬೆಳಕಿನ ಅಂಚಿನಲ್ಲಿರುವವರು

ಎಲ್ಲರ ಕಣ್ಣು ಮಾಂಟಾದ ಮೇಲಿರುವಾಗ ಉಳಿದ ಜೀವಿಗಳ ಗತಿ ಯಾರಿಗೂ ಕಾಣುವುದಿಲ್ಲ. ಹೊರಚೆಲ್ಲುವ ಬೆಳಕನ್ನು ಬಳಸಿಕೊಂಡು ಮೊರೇ ಹಾವುಮೀನುಗಳು, ಟ್ರೆವಲಿ ಮೀನುಗಳು ಬೇಟೆಯಾಡುತ್ತವೆ. ಡೈವರ್ ಒಂದು ಸಣ್ಣ ಮೀನಿನ ಮೇಲೆ ಟಾರ್ಚ್ ನಿಲ್ಲಿಸಿ ಗೆಳೆಯನಿಗೆ ತೋರಿಸುವಷ್ಟರಲ್ಲಿ ಅದು ಬೇಟೆಗಾರನಿಗೂ ಕಂಡಿರುತ್ತದೆ. ಗಿಣಿಮೀನುಗಳಲ್ಲಿ ಕೆಲವು ಲೋಳೆಯ ತೆಳು ಕೋಶ ಹೆಣೆದುಕೊಂಡು ಅದರೊಳಗೆ ನಿದ್ರಿಸುತ್ತವೆ. ಬೆದರಿಸಿದರೆ ಕೋಶ ಬಿಟ್ಟು ಓಡುತ್ತವೆ, ಆ ಹೊತ್ತಿಗೆ ಅವುಗಳಿಗೆ ರಕ್ಷಣೆ ಇಲ್ಲ. ಬಂಡೆಯಡಿ ಮಲಗಿದ ಹಸಿರು ಆಮೆಯ ಮುಖಕ್ಕೆ ಬೆಳಕು ಬಿಡುವುದೂ ಹೀಗೆಯೇ.

ಆದ್ದರಿಂದ ಕ್ಯಾಂಪ್‌ಫೈರ್‌ಗೆ ಹೋಗುವ ದಾರಿಯಲ್ಲಿ ಟಾರ್ಚು ಅತಿ ಕಡಿಮೆ ಪ್ರಖರತೆಯಲ್ಲಿರಬೇಕು, ಬೆಳಕು ಮರಳಿನ ಕಡೆಗಿರಬೇಕು. ಮಲಗಿದ ಪ್ರಾಣಿ ಕಂಡರೆ ಬೆಳಕಿನ ನಡುಭಾಗವನ್ನು ಪಕ್ಕಕ್ಕೆ ಸರಿಸಿ, ಅಂಚಿನ ಮಸುಕು ಬೆಳಕಿನಲ್ಲಿ ನೋಡಿ ಮುಂದೆ ಸಾಗಬೇಕು. ಕೆಂಪು ಬೆಳಕು ನೀರಿನಲ್ಲಿ ಬೇಗ ಹೀರಿಹೋಗುತ್ತದೆ, ಅನೇಕ ರಾತ್ರಿಜೀವಿಗಳ ಕಣ್ಣಿಗೆ ಅದು ಅಷ್ಟಾಗಿ ತಾಕುವುದೂ ಇಲ್ಲ. ಹತ್ತಿರದ ಫೋಟೋಗೆ ಫೋಕಸ್ ಮಾಡಲು ಅದು ಸಾಕು. ಟ್ಯಾಂಕಿಗೆ ಕಟ್ಟುವ ಗುರುತಿನ ದೀಪದ ವಿಷಯದಲ್ಲೂ ಒಂದು ಮಾತು. ಮುರಿದರೆ ಹೊಳೆಯುವ ರಾಸಾಯನಿಕ ಕಡ್ಡಿ ಒಂದೇ ರಾತ್ರಿಯ ಪ್ಲಾಸ್ಟಿಕ್ ಕಸ. ರೀಚಾರ್ಜ್ ಮಾಡಬಹುದಾದ ಸಣ್ಣ ಎಲ್‌ಇಡಿ ವರ್ಷಗಟ್ಟಲೆ ಬರುತ್ತದೆ.

ಸನ್‌ಸ್ಕ್ರೀನ್ ರಾತ್ರಿಗೆ ಬೇಡವೆನಿಸಿದರೂ ದೋಣಿ ಹೊರಡುವುದು ಬಿಸಿಲಿನಲ್ಲೇ. ಸಂಜೆ ಬಳಿದುಕೊಂಡದ್ದು ಇಳಿಹೊತ್ತಿನ ಡೈವ್‌ನಲ್ಲಿ ನೀರು ಸೇರುತ್ತದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2018ರ ಕಾನೂನಿನ ಮೂಲಕ ಜನವರಿ 1, 2021ರಿಂದ ನಿಲ್ಲಿಸಿತು. ಪೂರ್ತಿ ತೋಳಿನ ಅಂಗಿ ತೊಟ್ಟರೆ ಆ ಚರ್ಚೆಯೇ ಬೇಕಿಲ್ಲ.

ಒಬ್ಬೊಬ್ಬರೂ ಸರಿ, ಒಟ್ಟು ಮಾತ್ರ ಹೆಚ್ಚು

ಇಷ್ಟೆಲ್ಲ ಮಾಡಿದ ಮೇಲೂ ಕೋನಾದ ಸಮಸ್ಯೆ ಉಳಿಯುತ್ತದೆ. ಕಾರಣ ನೀರಿನ ಮೇಲಿದೆ. ಜನಪ್ರಿಯತೆ ಏರಿದಂತೆ ಕಂಪನಿಗಳು ಹೆಚ್ಚಿದವು, ಸಣ್ಣ ಕೊಲ್ಲಿಯಲ್ಲಿ ಒಂದೇ ಹೊತ್ತಿಗೆ ಹತ್ತಾರು ದೋಣಿಗಳು ಸೇರತೊಡಗಿದವು. ಕಟ್ಟಿಕೊಳ್ಳಲು ಬೋಯಾ (ತಳಕ್ಕೆ ಬಿಗಿದ ತೇಲುಗುಂಡು) ಸಿಗದ ದೋಣಿ ಲಂಗರು ಹಾಕುತ್ತದೆ, ಕತ್ತಲಲ್ಲಿ ಲಂಗರು ಮರಳಿಗೆ ಬಿತ್ತೋ ಹವಳಕ್ಕೆ ಬಿತ್ತೋ ನೋಡುವವರಿಲ್ಲ. ಪ್ಲವಕ ತಿನ್ನುತ್ತ ಮಾಂಟಾ ನೀರಿನ ಮೇಲ್ಮೈವರೆಗೂ ಬರುತ್ತದೆ, ಎಂಜಿನ್ ಚಾಲೂ ಮಾಡಿಕೊಂಡು ಜಾಗ ಹುಡುಕುವ ದೋಣಿಯ ಪ್ರೊಪೆಲ್ಲರ್ ಅಲ್ಲೇ ತಿರುಗುತ್ತಿರುತ್ತದೆ. ಅಲ್ಲೊಂದು ಇಲ್ಲೊಂದು ಬೆಳಕಿನ ಗುಂಪು ಆದಷ್ಟೂ ಪ್ಲವಕ ಚದುರುತ್ತದೆ, ಮಾಂಟಾಗಳೂ ಚದುರುತ್ತವೆ. ಕಾಣದವರು ಕಂಡ ಕಡೆ ಈಜುತ್ತಾರೆ. ಅಲ್ಲಿಗೆ ‘ಮನುಷ್ಯ ಸ್ಥಿರ, ಪ್ರಾಣಿ ಸ್ವತಂತ್ರ’ ಎಂಬ ಏರ್ಪಾಡು ಕುಸಿಯುತ್ತದೆ.

ಇದನ್ನು ಡೈವರ್‌ನ ಒಳ್ಳೆಯ ನಡತೆ ಸರಿಪಡಿಸಲಾರದು. ಪ್ರತಿ ಕಂಪನಿಯೂ ನಿಯಮ ಪಾಲಿಸಿದರೂ ಕೂಡಿಸಿದ ಮೊತ್ತ ಕೊಲ್ಲಿಗೆ ಮೀರುತ್ತದೆ. ರಾಜ್ಯದ ಭೂ ಮತ್ತು ನೈಸರ್ಗಿಕ ಸಂಪನ್ಮೂಲ ಇಲಾಖೆ ಪರವಾನಗಿ, ದೋಣಿಗಳ ಮಿತಿ, ನಿಗದಿತ ಮೂರಿಂಗ್‌ಗಳ ಪ್ರಸ್ತಾವಗಳನ್ನು ಮುಂದಿಟ್ಟಿತು, ಅವುಗಳ ಸುತ್ತ ವರ್ಷಗಟ್ಟಲೆ ವಾದ ನಡೆಯಿತು. ಮೊದಲಿನಿಂದ ಇದ್ದವರಿಗೆ ಒಂದು ನ್ಯಾಯ, ಹೊಸಬರಿಗೆ ಇನ್ನೊಂದು ಎಂಬ ಆಕ್ಷೇಪ ಹಗುರವಾದದ್ದಲ್ಲ. ಎಷ್ಟೋ ಮನೆಗಳ ಅನ್ನ ಅದರಲ್ಲಿದೆ. ಆದರೂ ಮಿತಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲು ಬೋಯಾಗಳ ಸಂಖ್ಯೆ ನಿಗದಿಯಾಗಲಿ, ಬೋಯಾ ಇಲ್ಲದ ದೋಣಿಗೆ ಆ ರಾತ್ರಿ ಪ್ರವೇಶವಿಲ್ಲ ಎಂದಾಗಲಿ. ಎಲ್ಲ ಕಂಪನಿಗಳ ಡೈವರ್‌ಗಳೂ ಒಂದೇ ಕ್ಯಾಂಪ್‌ಫೈರ್ ಹಂಚಿಕೊಳ್ಳಲಿ. ಸರದಿಯಲ್ಲಿ ಹೋಗಲಿ. ರಾತ್ರಿಯ ಕೊನೆಯ ದೀಪ ಇಷ್ಟು ಗಂಟೆಗೆ ಆರಬೇಕು ಎಂಬ ಹೊತ್ತು ನಿಗದಿಯಾಗಲಿ.

ಬೇರೆ ಕಡಲಿಗೆ ಏನು ಒಯ್ಯಬಹುದು

ದೀಪ ಹಾಕಿದರೆ ಮಾಂಟಾ ಬರುತ್ತದೆ ಎಂಬುದನ್ನು ಮಾತ್ರ ಕಲಿತು ಹೋಗುವುದು ಅಪಾಯ. ಕೋನಾದ ಕ್ಯಾಂಪ್‌ಫೈರ್ ನಡೆಯುವುದು ಮರಳು, ಕಲ್ಲುಚೂರಿನ ನೆಲದ ಮೇಲೆ. ಅದನ್ನೇ ಜೀವಂತ ಹವಳದ ಮೇಲೆ ನಕಲು ಮಾಡಿದರೆ ಕೂರುವ ಜಾಗವೇ ಹಾನಿ. ಇನ್ನೊಂದು ಕಾರಣವೂ ಇದೆ: ಅನೇಕ ಹವಳಗಳು ವರ್ಷಕ್ಕೊಮ್ಮೆ ಮೊಟ್ಟೆ, ವೀರ್ಯ ಬಿಡುವ ರಾತ್ರಿಯನ್ನು ಚಂದ್ರನ ಬೆಳಕಿನ ಏರಿಳಿತದಿಂದ ಅರಿಯುತ್ತವೆ, ಕೃತಕ ಬೆಳಕು ಆ ಹೊಂದಾಣಿಕೆಯನ್ನು ಕೆಡಿಸುತ್ತದೆ. ಹವಳದ ಮೇಲೆ ರಾತ್ರಿ ರಾತ್ರಿ ನಿಲ್ಲಿಸಿದ ದೀಪ ಆ ಲೆಕ್ಕಕ್ಕೆ ಸೇರುತ್ತದೆ. ಮಾಂಟಾ ಇಲ್ಲದ ಸಾಮಾನ್ಯ ರಾತ್ರಿ ಡೈವ್‌ಗೆ ಕೋನಾಕ್ಕೆ ತದ್ವಿರುದ್ಧ ಬೆಳಕೇ ಸರಿ: ಕಡಿಮೆ, ಕಿರಿದು, ಒಂದೆಡೆ ನಿಲ್ಲದ್ದು.

ಒಯ್ಯಬೇಕಾದದ್ದು ಆ ಶಿಸ್ತು, ಮತ್ತು ಬುಕಿಂಗ್ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು. ನಿಮ್ಮ ದೋಣಿಗೆ ಸ್ಥಿರ ಬೋಯಾ ಇದೆಯೇ, ಲಂಗರು ಹಾಕುತ್ತೀರಾ? ಒಬ್ಬ ಗೈಡ್‌ಗೆ ಎಷ್ಟು ಜನ? ಹಗಲು ಬೆಳಕಿನಲ್ಲಿ ಅದೇ ಜಾಗದ ಡೈವ್ ಮೊದಲು ಇರುತ್ತದೆಯೇ? ಅದೇ ಹೊತ್ತಿಗೆ ಅಲ್ಲಿ ಇನ್ನೆಷ್ಟು ದೋಣಿಗಳಿರುತ್ತವೆ? ಪ್ರಾಣಿ ಬಾರದ ರಾತ್ರಿ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ‘ಹೇಗಾದರೂ ತೋರಿಸಿಯೇ ತೋರಿಸುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಕಂಪನಿ ನೋಡಿ. ‘ಬಾರದಿದ್ದರೆ ದೀಪ ಆರಿಸಿ ಮೇಲೆ ಬರುತ್ತೇವೆ’ ಎನ್ನುವವರ ಜೊತೆ ಹೋಗಿ.